ಕಡಪ ಕಲ್ಲು ಒಡೆಯದೆ ಅಡುಗೆಕಟ್ಟೆಗೆ ಬಾಗಿಲು ಕೂಡಿಸಿದ್ದು

ನಮ್ಮದು ಬೆಂಗಳೂರಿನ ಹಳೇ ಬಡಾವಣೆಯ ಮನೆ. ಅಡುಗೆಕಟ್ಟೆಯ ಕೆಳಗೆ ಕಡಪ ಕಲ್ಲಿನ ಅಡ್ಡಗೋಡೆಗಳು, ನಡುವೆ ಕಲ್ಲಿನದೇ ಶೆಲ್ಫು, ಬಾಗಿಲಿಲ್ಲ. ಮಾಡ್ಯುಲರ್ ಕಿಚನ್‌ನವರು ಬಂದು ನೋಡಿ ಮೊದಲು ಹೇಳಿದ್ದೇ "ಈ ಕಲ್ಲೆಲ್ಲಾ ಒಡೆಸಬೇಕು ಮೇಡಂ" ಅಂತ. ಆಮೇಲೆ ಅದೇ ಜಾಗಕ್ಕೆ ಪ್ಲೈವುಡ್ ಡಬ್ಬ. ನೀರಿಗೆ ಉಬ್ಬದ, ಗೆದ್ದಲು ಮುಟ್ಟದ ಕಲ್ಲು ತೆಗೆದು, ಎರಡಕ್ಕೂ ಹೆದರುವ ಹಲಗೆ ಯಾಕೆ ತರಬೇಕು? ಕಲ್ಲು ಇದ್ದ ಹಾಗೇ ಇರಲಿ, ಬಾಗಿಲು, ಡ್ರಾಯರ್ ಮಾತ್ರ ಮಾಡೋಣ ಅಂತ ನಾನೇ ಕೈಹಾಕಿದೆ.

ತೊಡಕು ಒಂದೇ: ಹಿಂಜ್ ಯಾವುದಕ್ಕೆ ಹೊಡೆಯೋದು? ಕಡಪ ಮುಕ್ಕಾಲಂಗುಲ ದಪ್ಪ, ಅಂಚಿಗೆ ಡ್ರಿಲ್ ಇಟ್ಟರೆ ಪದರ ಪದರ ಎದ್ದುಬರುತ್ತದೆ. ಹಾಗಾಗಿ ಪ್ರತಿ ಅಡ್ಡಗೋಡೆಯ ಎರಡೂ ಮಗ್ಗುಲಿಗೆ, ಮುಂದಿನ ಅಂಚಿಗೆ ಸರಿಯಾಗಿ, 18 ಮಿ.ಮೀ. ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ) ಪಟ್ಟಿ ನಿಲ್ಲಿಸಿದೆ. ಅಗಲ ಮೂರಂಗುಲ. ಹಿಂಜ್‌ನ ತಟ್ಟೆಯ ಸ್ಕ್ರೂ ಮುಂದಿನ ಅಂಚಿನಿಂದ 37 ಮಿ.ಮೀ. ಒಳಗೆ ಬರುತ್ತದೆ, ಪಟ್ಟಿ ಅದಕ್ಕಿಂತ ಸಾಕಷ್ಟು ಅಗಲ ಇರದಿದ್ದರೆ ಹಿಡಿತ ಸಾಲದು. ಕಲ್ಲಿನ ಮೇಲಿನ ಎಣ್ಣೆಜಿಡ್ಡನ್ನು ಸೋಪಿನ ಬಿಸಿನೀರಲ್ಲಿ ತೊಳೆದು, ಒಣಗಿಸಿ, 60ನೇ ನಂಬರ್ ಉಪ್ಪುಕಾಗದದಿಂದ ಉಜ್ಜಿ, ಎಪಾಕ್ಸಿ ಅಂಟು ಹಚ್ಚಿದೆ. ಬರೀ ಅಂಟು ನಂಬಲಿಲ್ಲ. ಪಟ್ಟಿ, ಕಲ್ಲು, ಆಚೆಯ ಪಟ್ಟಿ ಮೂರನ್ನೂ ಹಾಯ್ದು ಹೋಗುವಂತೆ ಬೋಲ್ಟ್ ಹಾಕಿ ನಟ್ಟು ಬಿಗಿದೆ. ತಲೆ, ನಟ್ಟು ಎರಡೂ ಪಟ್ಟಿಯೊಳಗೆ ಅಡಗುವಷ್ಟು ಗುಳಿ ತೋಡಿದ್ದರಿಂದ ಡಬ್ಬಗಳಿಗೆ ತಾಗುವುದಿಲ್ಲ. ಕಲ್ಲು ಕೊರೆಯುವಾಗ ಡ್ರಿಲ್‌ನ ಹ್ಯಾಮರ್ ಆಫ್ ಮಾಡಿ, ಹನಿಹನಿ ನೀರು ಬಿಡುತ್ತಾ ನಿಧಾನವಾಗಿ ಹೋಗಬೇಕು. ಹ್ಯಾಮರ್ ಹಾಕಿದರೆ ಕಡಪ ಸೀಳುತ್ತದೆ.

ಬಾಗಿಲ ಹಲಗೆಗೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಗೆ ಹೋದೆ. ಅಂಗಡಿಯವರು "ವಾಟರ್‌ಪ್ರೂಫ್" ಅಂತ ಎಲ್ಲವನ್ನೂ ತೋರಿಸುತ್ತಾರೆ. ಹಲಗೆಯ ಮೇಲೆ ಐಎಸ್ 710 ಅಂತ ಮುದ್ರೆ ಇದೆಯಾ ನೋಡಿ, ಅದು ನೀರು ತಡೆಯುವ ಮರೈನ್ ಪ್ಲೈವುಡ್ಡಿನ ಗುರುತು; ಐಎಸ್ 303 ಬೇರೆ, ಅದು ಸಾಮಾನ್ಯ ಬಳಕೆಯ ಪ್ಲೈವುಡ್ಡಿನದು. ಸಿಂಕಿನ ಕೆಳಗೆ ಮಾತ್ರ ಅದೂ ಬೇಡ ಅಂತ ಡಬ್ಲ್ಯುಪಿಸಿ ಬಾಗಿಲೇ ಹಾಕಿದೆ. ಅಳತೆ ಕೊಟ್ಟರೆ ಅಲ್ಲೇ ಟೇಬಲ್ ಕಟರಿನಲ್ಲಿ ಕತ್ತರಿಸಿ, ಲ್ಯಾಮಿನೇಟ್ ಒತ್ತಿ, ಅಂಚುಪಟ್ಟಿ ಅಂಟಿಸಿ ಕೊಡುತ್ತಾರೆ. ಮನೆಯಲ್ಲಿ ಗರಗಸ ಹಿಡಿದು ಆ ಸಾಪು ತರಲು ಆಗದು, ಆ ಕೂಲಿ ಕೊಟ್ಟುಬಿಡುವುದು ಒಳ್ಳೇದು.

ಹಿಂಜ್ ಕೇಳುವಾಗ ಅಂಗಡಿಯಲ್ಲಿ "ಜೀರೋ ಕ್ರ್ಯಾಂಕ್, ಸಾಫ್ಟ್ ಕ್ಲೋಸ್" ಅನ್ನಿ. ಜೀರೋ ಕ್ರ್ಯಾಂಕ್ ಅಂದರೆ ಬಾಗಿಲು ಪಟ್ಟಿಯ ಅಂಚನ್ನು ಪೂರ್ತಿ ಮುಚ್ಚುವ ಬಗೆ, ಸಾಫ್ಟ್ ಕ್ಲೋಸ್ ಅಂದರೆ ಬಾಗಿಲು ಬಡಿಯದೆ ಮೆಲ್ಲಗೆ ಮುಚ್ಚಿಕೊಳ್ಳುವುದು. ಹಿಂಜ್‌ನ ಬಟ್ಟಲು ಕೂರಲು ಬಾಗಿಲಿನ ಒಳಬದಿಗೆ 35 ಮಿ.ಮೀ. ತೂತು ಬೇಕು. 18 ಮಿ.ಮೀ. ಹಲಗೆಯಲ್ಲಿ ಸುಮಾರು 12 ಮಿ.ಮೀ. ಆಳಕ್ಕೇ ನಿಲ್ಲಬೇಕಾದ್ದರಿಂದ ಡ್ರಿಲ್ ಬಿಟ್ಟಿಗೆ ಬಣ್ಣದ ಟೇಪ್ ಸುತ್ತಿ ಗುರುತು ಮಾಡಿಕೊಂಡೆ. ಬಾಗಿಲು ಕೂತಮೇಲೆ ಎರಡು ಬಾಗಿಲ ನಡುವೆ ಒಂದಂಗುಲದಷ್ಟು ಕರಿಕಲ್ಲು ಕಾಣುತ್ತದೆ. ಅದನ್ನೂ ಮುಚ್ಚಬಹುದಿತ್ತಲ್ಲ ಅಂತ ಬಂದವರೆಲ್ಲ ಕೇಳುತ್ತಾರೆ. ನನಗಂತೂ ಆ ಪಟ್ಟಿಯೇ ಚೆಂದ.

ಡ್ರಾಯರ್ ಬೇಕು ಅಂದವರು ನಮ್ಮತ್ತೆ. ಬಗ್ಗಿ ಹಿಂದಿನ ಸಾಲಿನ ರಾಗಿಹಿಟ್ಟಿನ ಡಬ್ಬ ಎಳೆಯುವುದು ಅವರ ಮಂಡಿಗೆ ಆಗುತ್ತಿರಲಿಲ್ಲ. ಡ್ರಾಯರ್ ಜಾರುವ ಕಂಬಿಗೆ, ಅಂದರೆ ಟೆಲಿಸ್ಕೋಪಿಕ್ ಚಾನೆಲ್‌ಗೆ, ಒಂದೊಂದು ಬದಿ 13 ಮಿ.ಮೀ. ಜಾಗ ಬೇಕು, ಅಂದರೆ ಡ್ರಾಯರಿನ ಹೊರ ಅಗಲ ಪಟ್ಟಿಯಿಂದ ಪಟ್ಟಿಗಿರುವ ಅಳತೆಗಿಂತ 26 ಮಿ.ಮೀ. ಕಡಿಮೆ. ಅಳತೆಯನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ಹಿಡಿಯಬೇಕು. ಹಳೇ ಗಾರೆಯವರು ನಿಲ್ಲಿಸಿದ ಕಲ್ಲು ಮೂಲೆಮಟ್ಟಕ್ಕೆ ಇರುವುದು ಅಪರೂಪ. ಚಾನೆಲ್‌ನ ಹಿಂದಿನ ತುದಿಗೂ ಒಂದು ಪಟ್ಟಿ ಬೇಕು, ಅದರ ದಪ್ಪ ಹೆಚ್ಚುಕಡಿಮೆ ಮಾಡಿಯೇ ನಾನು ಕಲ್ಲಿನ ಸೊಟ್ಟು ಸರಿಪಡಿಸಿದ್ದು.

ಸಿಲಿಂಡರ್ ಇರುವ ಕಡೆಗೆ ಹಲಗೆಯ ಬಾಗಿಲು ಹಾಕಲೇಬಾರದು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಅಲ್ಲಿಗೆ ಚೌಕಟ್ಟು ಮಾಡಿ ಮೇಲಿಂದ ಕೆಳಗಿನವರೆಗೆ ಜಾಲರಿ ಹೊಡೆದಿದ್ದೇನೆ. ಉಳಿದ ಬಾಗಿಲುಗಳನ್ನೂ ನೆಲದಿಂದ ಮೂರಂಗುಲ ಮೇಲಕ್ಕೇ ನಿಲ್ಲಿಸಿದ್ದು ನೆಲಕ್ಕೆ ನೀರು ಹಾಕಿ ತೊಳೆಯುವ ನಮ್ಮ ಮನೆಯ ಅಭ್ಯಾಸಕ್ಕಾಗಿ.

ಗೋಡೆಯ ಮೇಲಿನ ಕಪಾಟುಗಳನ್ನು ಮಾತ್ರ ಆಚಾರ್ರಿಗೇ ಬಿಟ್ಟೆ. ನಮ್ಮ ಗೋಡೆಯ ಗಾರೆ ಅಲ್ಲಲ್ಲಿ ಟೊಳ್ಳು. ಸ್ಟೀಲ್ ಪಾತ್ರೆ ತುಂಬಿದ ಕಪಾಟನ್ನು ಅದರ ಮೇಲೆ ತೂಗುಹಾಕುವ ಧೈರ್ಯ ನನಗಿಲ್ಲ.