ಕೀಮೋದ 21 ದಿನಗಳಲ್ಲಿ ಯಾವಾಗ ಏನಾಗುತ್ತೆ: ನನ್ನ ಅನುಭವ

ನನಗೆ ಬಂದಿದ್ದು ಡಿಎಲ್‌ಬಿಸಿಎಲ್ ಅನ್ನೋ ಲಿಂಫೋಮಾ, ಅಂದ್ರೆ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್. ಬೆಂಗಳೂರಿನ ವಿಜಯನಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿದು, ಸೀರೆಗೆ ಕುಚ್ಚು ಹಾಕಿಕೊಡ್ತೀನಿ. ಕುತ್ತಿಗೆಯ ಗಡ್ಡೆ ನೋಡಿದವರೆಲ್ಲ ಮೊದಲು ಟಿಬಿ ಇರಬೇಕು ಅಂದರು. ಕೊನೆಗೆ ಗಡ್ಡೆಯನ್ನೇ ತೆಗೆದು ಬಯಾಪ್ಸಿಗೆ ಕಳಿಸಿದಾಗ ವಿಷಯ ಗೊತ್ತಾಯ್ತು. ಆ ಕಥೆ ಈಗ ಬೇಡ. ಇದೇ ಚಿಕಿತ್ಸೆ ಶುರು ಮಾಡುವವರು ಕೀಮೋ ಹೇಗಿರುತ್ತೆ ಅಂತ ಕೇಳ್ತಿರ್ತಾರೆ, ಅವರಿಗಾಗಿ ಬರೀತಿದ್ದೀನಿ.

ನನಗೆ ಕೊಟ್ಟಿದ್ದು ಆರ್-ಚಾಪ್. ಐದು ಔಷಧಿ ಸೇರಿದ್ದು, 21 ದಿನಕ್ಕೊಂದು ಸಲ, ಒಟ್ಟು ಆರು ಸಲ. ಶುರುವಾಗೋ ಮುಂಚೆ ಹೃದಯದ ಎಕೋ ಮಾಡಿಸ್ತಾರೆ, ಹೆಪಟೈಟಿಸ್ ಬಿ ಪರೀಕ್ಷೆನೂ ಮಾಡಿಸ್ತಾರೆ. ಮಾಡಿಸಿಲ್ಲ ಅಂದ್ರೆ ನೀವೇ ಕೇಳಿ. ಕೀಮೋ ಅಂದ್ರೆ ಮೂರೂ ವಾರ ಒಂದೇ ಥರ ನರಳೋದು ಅಂತ ನಾನು ತಿಳಿದಿದ್ದೆ. ಹಾಗಲ್ಲ. ಪ್ರತಿ ತೊಂದರೆಗೂ ಒಂದು ಹೊತ್ತಿದೆ. ಮೊದಲ ಸುತ್ತಿನಲ್ಲಿ ಮಗಳ ಹಳೇ ನೋಟ್‌ಬುಕ್‌ನಲ್ಲಿ ದಿನಕ್ಕೆರಡು ಸಾಲು ಬರೆದಿಟ್ಟೆ, ಎರಡನೇ ಸುತ್ತಿನಲ್ಲಿ ಹೆಚ್ಚುಕಡಿಮೆ ಅದೇ ಲೆಕ್ಕ ಬಂತು. ಆಮೇಲೆ ಅಡುಗೆ, ಆರ್ಡರ್, ನೆಂಟರು ಬರೋದು, ಎಲ್ಲಾನೂ ಆ ನೋಟ್‌ಬುಕ್ ನೋಡಿಯೇ ಮಾಡಿದೆ.

ಮೊದಲ ದಿನ ಡೇ ಕೇರ್‌ನಲ್ಲಿ ಇಡೀ ದಿನ ಹೋಗುತ್ತೆ. ಐದರಲ್ಲಿ ಒಂದಾದ ರಿಟುಕ್ಸಿಮ್ಯಾಬ್ ಮೊದಲ ಸಲ ತುಂಬ ನಿಧಾನವಾಗಿ ಬಿಡ್ತಾರೆ. ನನಗೆ ಅರ್ಧದಲ್ಲೇ ಚಳಿ ಬಂದು ಹಲ್ಲು ಕಟಕಟ ಅನ್ನೋಕೆ ಶುರುವಾಯ್ತು. ಸಿಸ್ಟರ್ ಓಡಿ ಬಂದು ಡ್ರಿಪ್ ನಿಲ್ಲಿಸಿ, ಅಲರ್ಜಿಗೆ ಕೊಡೋ ಏವಿಲ್ ಇಂಜೆಕ್ಷನ್ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಇನ್ನೂ ನಿಧಾನಕ್ಕೆ ಶುರು ಮಾಡಿದರು. ಮೊದಲ ಸಲ ಇದು ಮಾಮೂಲಂತೆ, ಮುಂದಿನ ಸುತ್ತುಗಳಲ್ಲಿ ಏನೂ ಆಗಲಿಲ್ಲ. ಆಮೇಲೆ ಕೆಂಪು ಔಷಧಿ, ಅಂದ್ರೆ ಡಾಕ್ಸೊರುಬಿಸಿನ್. ಅದು ನರದಿಂದ ಹೊರಗೆ ಸೋರಿದರೆ ಮಾಂಸ ಸುಟ್ಟುಹೋಗುತ್ತೆ. "ಅಮ್ಮ, ಕೈ ಉರಿದ್ರೆ ತಕ್ಷಣ ಹೇಳಿ, ಸುಮ್ನೆ ತಡ್ಕೊಂಡು ಕೂತ್ಕೋಬೇಡಿ" ಅಂತ ಸಿಸ್ಟರ್ ಮೂರು ಸಲ ಹೇಳಿದರು. ಮನೆಗೆ ಬಂದ ಮೇಲೆ ಮೂತ್ರ ಕೆಂಪಗೆ ಹೋಗುತ್ತೆ. ಅದು ರಕ್ತ ಅಲ್ಲ, ಔಷಧಿಯ ಬಣ್ಣ, ಮಾರನೇ ದಿನಕ್ಕೆ ತಿಳಿಯಾಗುತ್ತೆ.

ಮೊದಲ ಐದು ದಿನ ಪ್ರೆಡ್ನಿಸೊಲೋನ್ ಮಾತ್ರೆ. ಸ್ಟೀರಾಯ್ಡ್ ಅದು. ಬೆಳಗ್ಗೆ ತಿಂಡಿ ಆದಮೇಲೆ ಒಟ್ಟಿಗೇ ನುಂಗಿಬಿಡಿ, ಸಂಜೆಗೆ ಉಳಿಸಿಕೊಂಡರೆ ರಾತ್ರಿ ಕಣ್ಣು ಮುಚ್ಚಲ್ಲ. ಬೆಳಗ್ಗೆ ನುಂಗಿದರೂ ನನಗೆ ನಿದ್ದೆ ಅಷ್ಟಕ್ಕಷ್ಟೇ. ನಡುರಾತ್ರಿ ಎದ್ದು ಕೂತು ಬೇಬಿ ಕುಚ್ಚು ಹಾಕ್ತಿದ್ದೆ, ಹಸಿವು ಬೇರೆ, ಡಬ್ಬಿಯಲ್ಲಿದ್ದ ಚಕ್ಕುಲಿ ಖಾಲಿ. ಶುಗರ್ ಇದ್ದವರು ಈ ಐದು ದಿನ ದಿನವೂ ಚೆಕ್ ಮಾಡಿಕೊಳ್ಳಲೇಬೇಕು. ಮಾತ್ರೆ ನಿಂತ ಮರುದಿನ ಮಾತ್ರ ಕೈಕಾಲಲ್ಲಿ ಶಕ್ತಿಯೇ ಇರಲ್ಲ, ಸುಮ್ಸುಮ್ನೆ ಅಳು ಬರುತ್ತೆ. ಕಾರಣ ಗೊತ್ತಿದ್ದರೆ ಹೆದರಿಕೆ ಕಡಿಮೆ, ಅಲ್ವಾ? ಆ ದಿನ ಮನೆಯಲ್ಲಿ ಯಾರೂ ನನ್ನ ಹತ್ತಿರ ಏನೂ ಕೇಳಕೂಡದು ಅಂತ ನಮ್ಮನೆಯವರೇ ಕಾನೂನು ಮಾಡಿದ್ದರು.

ವಾಂತಿ ನಾನು ಹೆದರಿದಷ್ಟು ಆಗಲಿಲ್ಲ, ಈಗಿನ ಮಾತ್ರೆಗಳು ಚೆನ್ನಾಗಿವೆ. ಹೇಳಿದ ಹೊತ್ತಿಗೆ ನುಂಗಬೇಕು, ಹೊಟ್ಟೆ ತೊಳಸೋವರೆಗೆ ಕಾಯಬಾರದು. ನನಗೆ ಆಗದೇ ಇದ್ದದ್ದು ಒಗ್ಗರಣೆ ವಾಸನೆ. ಇಂಗು ಎಣ್ಣೆಗೆ ಬಿದ್ದರೆ ಸಾಕು. ಹಾಗಾಗಿ ಆ ವಾರ ಅಡುಗೆಮನೆ ಬಾಗಿಲು ಹಾಕಿಯೇ ಅಡುಗೆ, ನನಗೆ ಆರಿದ ಊಟ. ಬಿಸಿ ಕಡಿಮೆಯಾದರೆ ವಾಸನೆಯೂ ಕಡಿಮೆ.

ಮಲಬದ್ಧತೆ ಬಗ್ಗೆ ಯಾರೂ ಬಾಯಿಬಿಟ್ಟು ಹೇಳಲ್ಲ, ಆದ್ರೆ ನನ್ನನ್ನ ಜಾಸ್ತಿ ಕಾಡಿದ್ದು ಅದೇ. ವಿನ್‌ಕ್ರಿಸ್ಟಿನ್ ಅನ್ನೋ ಕೀಮೋ ಔಷಧಿ ಕರುಳನ್ನ ನಿಧಾನ ಮಾಡುತ್ತೆ, ವಾಂತಿ ತಡೆಯೋ ಒಂಡಾನ್ಸೆಟ್ರಾನ್ ಕೂಡ ಅದನ್ನೇ ಮಾಡುತ್ತೆ. ಮೊದಲ ರಾತ್ರಿಯಿಂದಲೇ ಡಾಕ್ಟರ್ ಕೊಟ್ಟ ಸಿರಪ್ ಕುಡಿಯಿರಿ. ಎನಿಮಾ, ಒಳಗೆ ಇಡುವ ಮಾತ್ರೆ ಇವನ್ನೆಲ್ಲ ಅವರನ್ನ ಕೇಳದೆ ಬಳಸಬೇಡಿ, ಸೋಂಕು ತಡೆಯೋ ಬಿಳಿ ರಕ್ತಕಣದ ಕೌಂಟ್ ಕಡಿಮೆ ಇದ್ದಾಗ ಸಣ್ಣ ಗಾಯವೂ ಸೋಂಕಿಗೆ ದಾರಿ.

ಈಗ ಎರಡನೇ ವಾರ. ಸುಮಾರು 7ರಿಂದ 14ನೇ ದಿನದ ನಡುವೆ ಬಿಳಿ ರಕ್ತಕಣ ತಳ ಮುಟ್ಟುತ್ತೆ. ಕೌಂಟ್ ಏರಿಸೋಕೆ ಕೀಮೋ ಆಗಿ 24 ಗಂಟೆಯ ನಂತರ ಪೆಗ್‌ಫಿಲ್‌ಗ್ರಾಸ್ಟಿಮ್ ಇಂಜೆಕ್ಷನ್ ಕೊಡ್ತಾರೆ. ಅದರಿಂದ ಸೊಂಟದ ಮೂಳೆ ಒಳಗೊಳಗೇ ನೋಯುತ್ತೆ, ಎರಡು ಮೂರು ದಿನ. ನೋಯುತ್ತೆ ಅಂತ ಯಾವ ಮಾತ್ರೆನೂ ನೀವೇ ನುಂಗಬೇಡಿ. ನಮ್ಮ ಬೆಂಗಳೂರಲ್ಲಿ ಮೈ ಬೆಚ್ಚಗಾದ್ರೆ ಸಾಕು, ಡೋಲೋ ಹಾಕ್ಕೊಂಡು ಮಲಗ್ತೀವಿ. ಕೀಮೋ ಹೊತ್ತಿನಲ್ಲಿ ಆ ಅಭ್ಯಾಸ ಅಪಾಯ, ಮಾತ್ರೆ ಜ್ವರವನ್ನ ಮುಚ್ಚಿಬಿಡುತ್ತೆ, ಒಳಗೆ ಸೋಂಕು ಬೆಳೀತಾ ಹೋಗುತ್ತೆ. ಮೊದಲು ಥರ್ಮಾಮೀಟರ್. 100.4 ಫ್ಯಾರನ್‌ಹೀಟ್ ತೋರಿಸಿದರೆ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ, ನೇರ ಎಮರ್ಜೆನ್ಸಿಗೆ. ನನಗೆ ಹೀಗೊಂದು ಸಂಜೆ ಜ್ವರ ಬಂತು. ಮೈಸೂರು ರಸ್ತೆಯಲ್ಲಿ ಗಾಡಿಗಳು ಕದಲದ ಹೊತ್ತು. ಫೈಲು, ಚಾರ್ಜರ್, ಒಂದು ಜೊತೆ ಬಟ್ಟೆ ಇದ್ದ ಬ್ಯಾಗು ಬಾಗಿಲ ಪಕ್ಕದಲ್ಲೇ ಇತ್ತು, ಆಟೋ ಹತ್ತಿದ್ದೇ. ದಾರಿಯಲ್ಲೇ ಫೋನ್ ಮಾಡಿ ಹೇಳಿದ್ದೆವು. ಒಳಗೆ ಹೋದ ತಕ್ಷಣ "ಕೀಮೋ ಪೇಷಂಟ್, ಜ್ವರ ಇದೆ" ಅನ್ನಬೇಕು, ಸಾಲಲ್ಲಿ ಕೂರಬಾರದು. ಹೋದ ಒಂದು ಗಂಟೆಯೊಳಗೆ ಡ್ರಿಪ್‌ನಲ್ಲಿ ಆಂಟಿಬಯಾಟಿಕ್ ಶುರುವಾಗಬೇಕು.

ಇದೇ ವಾರ ಬಾಯಿ ಹುಣ್ಣು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ ಉಗಿಯೋದು. ಸಾರು ಇಳಿಯಲ್ಲ. ರಾಗಿ ಗಂಜಿ, ಖಾರವಿಲ್ಲದ ತೊವ್ವೆ ಅನ್ನ, ಮೆತ್ತನೆ ಇಡ್ಲಿ, ಇಷ್ಟರಲ್ಲೇ ವಾರ ಕಳೀತು. ಹಸಿ ಕೋಸಂಬರಿ, ಹೊರಗಿನ ಪಾನಿಪುರಿ, ಹೆಚ್ಚಿಟ್ಟ ಹಣ್ಣು ಬೇಡ. ನೆಂಟರೂ ಬೇಡ! "ಮೂರನೇ ವಾರ ಬನ್ನಿ, ಕಾಫಿ ಮಾಡಿಕೊಡ್ತೀನಿ" ಅಂತ ಎಲ್ಲರಿಗೂ ಮೆಸೇಜ್ ಹಾಕಿದ್ದೆ. ಒಬ್ಬಿಬ್ಬರು ಮುನಿಸಿಕೊಂಡರು, ಮುನಿಸಿಕೊಳ್ಳಲಿ ಬಿಡಿ. ಇನ್ನು ಅವರು ಹೇಳೋ ಕಷಾಯಗಳು. ಅಕ್ಕ ಪಾಪ ಪ್ರೀತಿಯಿಂದ ಅಮೃತಬಳ್ಳಿ ತಂದಿದ್ದಳು. ಡಾಕ್ಟರ್ ಮೇಡಂ ಬೇಡವೇ ಬೇಡ ಅಂದರು. ಅದರಿಂದ ಲಿವರ್ ಕೆಟ್ಟ ಪ್ರಕರಣಗಳು ವರದಿಯಾಗಿವೆ, ಕೀಮೋ ಔಷಧಿಗಳ ಭಾರವೂ ಲಿವರ್ ಮೇಲೇ ಬೀಳೋದು.

ಕೂದಲು ಮೊದಲ ಸುತ್ತಿನ ಮೂರನೇ ವಾರದಲ್ಲಿ ಉದುರೋಕೆ ಶುರುವಾಯ್ತು. ಜಡೆ ಬಿಚ್ಚಿದರೆ ಹಿಡಿ ಹಿಡಿ ಬರೋದು. ಪಕ್ಕದ ಬೀದಿಯ ಪಾರ್ಲರ್ ಹುಡುಗಿ ಮನೆಗೇ ಬಂದು ಟ್ರಿಮ್ಮರ್ ಹಾಕಿದಳು. ಆಮೇಲೆ ಗೊತ್ತಾಗಿದ್ದು, ತಲೆಯ ಚರ್ಮ ಮುಟ್ಟಿದ್ರೂ ನೋಯುತ್ತೆ, ಅಂಗಡಿ ಟೋಪಿಯ ಒಳಹೊಲಿಗೆ ಚುಚ್ಚುತ್ತೆ. ಬ್ಲೌಸ್‌ಗೆ ಬರೋ ಟೂ ಬೈ ಟೂ ಬಟ್ಟೆ ಇತ್ತಲ್ಲ, ಅದರಲ್ಲೇ ಹೊಲಿಗೆ ಹೊರಗೆ ಬರೋ ಹಾಗೆ ಟೋಪಿ ಹೊಲಿದುಕೊಂಡೆ. ಡೇ ಕೇರ್‌ನಲ್ಲಿ ಕಂಡವರು ನಮಗೂ ಬೇಕು ಅಂದರು, ಹೊಲಿದು ಕೊಟ್ಟೆ.

ಮೂರನೇ ವಾರ ಒಳ್ಳೇ ವಾರ. ರುಚಿ ವಾಪಸ್ ಬರುತ್ತೆ, ಸಂಜೆ ವಾಕಿಂಗ್ ಹೋಗಬಹುದು. ಬ್ಯಾಂಕು, ಆಯುಷ್ಮಾನ್ ಕಾರ್ಡಿನ ಓಡಾಟ ಎಲ್ಲ ಆಗ ಇಟ್ಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಸಿಗುತ್ತೆ.

ಬೆರಳಿನ ವಿಷಯ ಮಾತ್ರ ಈ ಮೂರು ವಾರದ ಲೆಕ್ಕಕ್ಕೆ ಸಿಗಲಿಲ್ಲ. ಅದು ಸುತ್ತಿನಿಂದ ಸುತ್ತಿಗೆ ಏರುತ್ತಾ ಹೋಯ್ತು. ಇದೂ ವಿನ್‌ಕ್ರಿಸ್ಟಿನ್ ಕೆಲಸವೇ. ಮೊದಲು ತುದಿಯಲ್ಲಿ ಜುಮುಜುಮು, ಆಮೇಲೆ ಮಣಿ ಹಿಡಿದಿದ್ದೀನೋ ಇಲ್ವೋ ಅಂತ ಕಣ್ಣಲ್ಲೇ ನೋಡಬೇಕು. ಒಂದು ದಿನ ಒಬ್ಬರ ತಿಳಿ ಹಸಿರು ರೇಷ್ಮೆ ಸೀರೆಯ ಸೆರಗಿನ ಮೇಲೆ ಸಣ್ಣ ಕೆಂಪು ಚುಕ್ಕೆ ಕಂಡಾಗಲೇ ಸೂಜಿ ಚುಚ್ಚಿದೆ ಅಂತ ತಿಳಿದದ್ದು, ನೋವೇ ಇಲ್ಲ. ಹೇಳಿದರೆ ಎಲ್ಲಿ ಔಷಧಿ ನಿಲ್ಲಿಸಿಬಿಡ್ತಾರೋ ಅಂತ ಕೆಲವರು ಮುಚ್ಚಿಡ್ತಾರೆ. ನಾನು ಹೇಳಿದೆ. ಮೇಡಂ ನಿನ್ನ ಬ್ಲೌಸ್ ಹುಕ್ಕು ಹಾಕಿ ತೋರಿಸು ಅಂದು ನೋಡಿ, ಆ ಒಂದು ಔಷಧಿಯ ಡೋಸ್ ಮಾತ್ರ ಇಳಿಸಿದರು. ಉಳಿದದ್ದು ಹಾಗೇ ನಡೀತು, ಕ್ಯಾನ್ಸರ್ ಉಳಿದಿದೆಯಾ ಅಂತ ನೋಡೋ ಕೊನೆಯ ಪೆಟ್ ಸ್ಕ್ಯಾನ್ ಸ್ವಚ್ಛವಾಗಿ ಬಂತು.

ಬೆರಳು ಸರಿಹೋಗೋಕೆ ತಿಂಗಳುಗಳೇ ಬೇಕು. ಈಗ ಬೇಬಿ ಕುಚ್ಚು, ಫಾಲ್ಸ್, ಜಿಗ್‌ಜಾಗ್ ಆರ್ಡರ್ ತಗೊಳ್ತಿದ್ದೀನಿ. ಸಣ್ಣ ಮಣಿಯ ಕ್ರೋಷಾ ಡಿಸೈನ್ ಕೇಳಿಕೊಂಡು ಬಂದವರನ್ನ ಸದ್ಯಕ್ಕೆ ಎದುರು ಮನೆಯವರ ಹತ್ತಿರ ಕಳಿಸ್ತೀನಿ.