ಇಮೇಲ್ ಖಾತೆ ನಾಲ್ಕು, ನೋಡುವುದು ಒಂದೇ ಕಡೆ: ಥಂಡರ್‌ಬರ್ಡ್ ಹೊಂದಿಸಿಕೊಳ್ಳುವುದು ಹೇಗೆ?

ನನಗೆ ನಾಲ್ಕು ಇಮೇಲ್ ವಿಳಾಸಗಳಿವೆ. ಮನೆಯವರಿಗೆ, ಗೆಳೆಯರಿಗೆ ಜಿಮೇಲ್. ಕಾಲೇಜು ದಿನಗಳಲ್ಲಿ ಮಾಡಿಕೊಂಡ ಯಾಹೂ ಇನ್ನೂ ಇದೆ. ಬ್ಯಾಂಕಿನ ಸ್ಟೇಟ್‌ಮೆಂಟು, ವಿಮೆ ಕಂತಿನ ನೋಟಿಸು ಇವತ್ತಿಗೂ ಅಲ್ಲಿಗೇ ಬರುತ್ತವೆ. ಆಫೀಸಿನದು ಒಂದು. ನಮ್ಮ ಅಪಾರ್ಟ್‌ಮೆಂಟ್ ಸಂಘದ್ದು ಇನ್ನೊಂದು. ಒಂದರಿಂದ ಹೊರಬಂದು ಇನ್ನೊಂದಕ್ಕೆ ಲಾಗಿನ್ ಆಗುವುದು ಬೇಸರವಾಗಿ ಯಾಹೂ ತೆರೆಯುವುದನ್ನೇ ಬಿಟ್ಟಿದ್ದೆ. ವಿಮೆಯ ಕಂತು ಕಟ್ಟುವ ದಿನ ಮೀರಿದ್ದು ಗೊತ್ತಾದದ್ದು ಮೂರು ವಾರ ಕಳೆದ ಮೇಲೆ. ಆವತ್ತೇ ಕೂತು ನಾಲ್ಕನ್ನೂ ಥಂಡರ್‌ಬರ್ಡ್‌ಗೆ ಸೇರಿಸಿದೆ.

ಥಂಡರ್‌ಬರ್ಡ್ ಕಂಪ್ಯೂಟರ್‌ನಲ್ಲಿ ಮೇಲ್ ನೋಡುವ ಉಚಿತ ತಂತ್ರಾಂಶ. ಫೈರ್‌ಫಾಕ್ಸ್ ಮಾಡಿದ ಮೊಜಿಲ್ಲಾದವರದೇ. ಅದರ 1.0 ಆವೃತ್ತಿ ಬಂದದ್ದು 2004ರ ಡಿಸೆಂಬರ್‌ನಲ್ಲಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಅದರದೇ ಜಾಲತಾಣದಿಂದ ಇಳಿಸಿಕೊಳ್ಳಿ, ಬೇರೆ ಕಡೆಯಿಂದ ಬೇಡ. ಆವೃತ್ತಿ ಬದಲಾದಂತೆ ಬಟನ್‌ಗಳ ಜಾಗ ಸ್ವಲ್ಪ ಆಚೀಚೆ ಆಗುತ್ತದೆ, ಹೆಸರು ನೋಡಿ ಹುಡುಕಿದರೆ ಸಿಗುತ್ತವೆ.

ಮೊದಲು ಐಮ್ಯಾಪ್, ಪಾಪ್ ವ್ಯತ್ಯಾಸ

ಖಾತೆ ಸೇರಿಸುವಾಗ ಐಮ್ಯಾಪ್ ಬೇಕೋ, ಪಾಪ್ ಬೇಕೋ ಎನ್ನುವ ಪ್ರಶ್ನೆ ಬರುತ್ತದೆ. ಇದನ್ನು ಸುಮ್ನೆ ದಾಟಿ ಹೋಗಬೇಡಿ.

ಪಾಪ್ ಹಳೆಯ ಪದ್ಧತಿ. ಮೇಲ್ ನಿಮ್ಮ ಕಂಪ್ಯೂಟರ್‌ಗೆ ಇಳಿಯುತ್ತದೆ. ಸರ್ವರ್‌ನಲ್ಲೂ, ಅಂದರೆ ಮೇಲ್ ಸೇವೆ ಕೊಡುವವರ ಕಂಪ್ಯೂಟರ್‌ನಲ್ಲೂ, ಒಂದು ಪ್ರತಿ ಉಳಿಯಲಿ ಎಂದು ಹೇಳಿರದಿದ್ದರೆ ಅಲ್ಲಿಂದ ಅಳಿದೇ ಹೋಗಬಹುದು. ಆಮೇಲೆ ಫೋನಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಐಮ್ಯಾಪ್‌ನಲ್ಲಿ ಮೇಲ್ ಸರ್ವರ್‌ನಲ್ಲೇ ಇರುತ್ತದೆ, ಕಂಪ್ಯೂಟರ್‌ನಲ್ಲಿ ಕಾಣುವುದು ಅದರದೇ ನಕಲು. ಇಲ್ಲಿ ಓದಿದ್ದು ಫೋನಿನಲ್ಲೂ ಓದಿದ್ದಾಗಿ ಕಾಣುತ್ತದೆ. ಹೆಚ್ಚಿನವರಿಗೆ ಐಮ್ಯಾಪ್ ಸರಿ.

ಆದರೆ ಒಂದು ಮಾತು ನೆನಪಿರಲಿ. ಐಮ್ಯಾಪ್‌ನಲ್ಲಿ ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಕಂಪ್ಯೂಟರ್‌ನಲ್ಲಿ ಜಾಗ ಮಾಡಲೆಂದು ಹಳೆಯ ಮೇಲ್‌ಗಳನ್ನು ಅಳಿಸಿ, ಫೋನಿನಲ್ಲೂ ಇಲ್ಲವಾದಾಗ ಗಾಬರಿಯಾದವರನ್ನು ನಾನು ಕಂಡಿದ್ದೇನೆ.

ಖಾತೆಗಳನ್ನು ಸೇರಿಸುವುದು

ಮೊದಲ ಸಲ ತೆರೆದಾಗ ಥಂಡರ್‌ಬರ್ಡ್ ತಾನಾಗಿಯೇ ಹೆಸರು, ಇಮೇಲ್ ವಿಳಾಸ ಕೇಳುತ್ತದೆ. ಕೊಟ್ಟು ‘ಕಂಟಿನ್ಯೂ’ ಒತ್ತಿ. ಜಿಮೇಲ್, ಯಾಹೂ, ಔಟ್‌ಲುಕ್‌ನಂಥ ದೊಡ್ಡ ಸೇವೆಗಳ ಸರ್ವರ್ ವಿವರ ಅದಕ್ಕೆ ಗೊತ್ತಿರುತ್ತದೆ. ಐಮ್ಯಾಪ್ ಆಯ್ದುಕೊಳ್ಳಿ. ಆಮೇಲೆ ಆ ಸೇವೆಯದೇ ಲಾಗಿನ್ ಪುಟ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಹಾಕಿ, ಫೋನಿಗೆ ಬರುವ ಕೋಡ್ ಇದ್ದರೆ ಅದನ್ನೂ ಕೊಟ್ಟು ‘ಅಲೋ’ ಒತ್ತಿದರೆ ಮುಗಿಯಿತು. ಹೀಗೆ ಮಾಡಿದಾಗ ನಿಮ್ಮ ಪಾಸ್‌ವರ್ಡ್ ಥಂಡರ್‌ಬರ್ಡ್‌ನಲ್ಲಿ ಉಳಿಯುವುದಿಲ್ಲ, ಒಳಗೆ ಬರಲು ಒಂದು ಅನುಮತಿ ಮಾತ್ರ ಉಳಿಯುತ್ತದೆ.

ಎರಡನೆಯ ಖಾತೆಗೆ ಮೇಲೆ ಬಲಗಡೆ ಇರುವ ಮೂರು ಗೆರೆಗಳ ಗುರುತನ್ನು ಒತ್ತಿ ‘ನ್ಯೂ ಅಕೌಂಟ್’ಗೆ ಹೋಗಿ. ಮತ್ತೆ ಅದೇ ಕ್ರಮ. ನನ್ನ ಸಲಹೆ: ನಾಲ್ಕನ್ನೂ ಒಂದೇ ಸಲ ಸೇರಿಸಬೇಡಿ. ಒಂದನ್ನು ಸೇರಿಸಿ, ಅದರಿಂದ ನಿಮಗೇ ಒಂದು ಮೇಲ್ ಕಳಿಸಿ ನೋಡಿ. ಹೋಗುವುದು, ಬರುವುದು ಎರಡೂ ಸರಿಯಾಯಿತು ಅಂದಮೇಲೆ ಮುಂದಿನದು.

ಆಫೀಸಿನ ಖಾತೆಯನ್ನು ಸೇರಿಸುವ ಮುನ್ನ ಅಲ್ಲಿನ ಐಟಿ ವಿಭಾಗವನ್ನು ಕೇಳಿಕೊಳ್ಳಿ. ಎಷ್ಟೋ ಕಡೆ ಹೊರಗಿನ ತಂತ್ರಾಂಶಕ್ಕೆ ಅನುಮತಿ ಇರುವುದಿಲ್ಲ. ಸ್ವಂತ ಡೊಮೈನ್‌ನ (ಸಂಸ್ಥೆಯದೇ ಹೆಸರಿನ ಜಾಲ ವಿಳಾಸದ) ಮೇಲ್ ಆದರೆ ಸರ್ವರ್ ಹೆಸರನ್ನು ನೀವೇ ಬರೆಯಬೇಕಾಗಬಹುದು. ಜೊತೆಗೆ ಪೋರ್ಟ್, ಅಂದರೆ ಸರ್ವರ್‌ನ ಬಾಗಿಲ ಸಂಖ್ಯೆ ಇದ್ದ ಹಾಗೆ: ಐಮ್ಯಾಪ್‌ಗೆ ಸಾಮಾನ್ಯವಾಗಿ 993, ಕಳಿಸುವ ಸರ್ವರ್‌ಗೆ 465 ಇಲ್ಲವೇ 587. ಪ್ರೋಟಾನ್ ಮೇಲ್‌ನ ಉಚಿತ ಖಾತೆ ಇಲ್ಲಿಗೆ ಸೇರುವುದಿಲ್ಲ. ಅದಕ್ಕೆ ಬೇಕಾದ ಬ್ರಿಡ್ಜ್ ಎಂಬ ತಂತ್ರಾಂಶ ಹಣ ಕೊಟ್ಟವರಿಗೆ ಮಾತ್ರ.

ಹಳೆಯ ಜಿಮೇಲ್ ಖಾತೆಯಲ್ಲಿ ವರ್ಷಗಟ್ಟಲೆ ಮೇಲ್ ತುಂಬಿದ್ದರೆ ಎಲ್ಲವೂ ಇಳಿಯಲು ಶುರುವಾಗುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಜಾಗ ಕಡಿಮೆ ಇದ್ದರೆ ‘ಅಕೌಂಟ್ ಸೆಟ್ಟಿಂಗ್ಸ್’ನಲ್ಲಿ ಆ ಖಾತೆಯ ಕೆಳಗಿರುವ ‘ಸಿಂಕ್ರೊನೈಸೇಶನ್ ಅಂಡ್ ಸ್ಟೋರೇಜ್’ ತೆರೆದು, ಇತ್ತೀಚಿನ ಇಷ್ಟು ದಿನಗಳದ್ದು ಸಾಕು ಎಂದು ಹೇಳಬಹುದು. ಜಿಮೇಲ್‌ನ ಒಂದೇ ಮೇಲ್ ಇನ್‌ಬಾಕ್ಸ್‌ನಲ್ಲೂ ‘ಆಲ್ ಮೇಲ್’ನಲ್ಲೂ ಕಾಣುತ್ತದೆ, ಅಲ್ವಾ? ಅದು ಎರಡು ಮೇಲ್ ಅಲ್ಲ, ಒಂದಕ್ಕೇ ಎರಡು ಚೀಟಿ ಅಂಟಿಸಿದ ಹಾಗೆ. ಡಬಲ್ ಬಂದಿದೆ ಎಂದುಕೊಂಡು ‘ಆಲ್ ಮೇಲ್’ನಿಂದ ಅಳಿಸಲು ಹೋಗಬೇಡಿ.

ಎಲ್ಲವನ್ನೂ ಒಟ್ಟಿಗೆ ನೋಡಲು

ಈಗ ಎಡಗಡೆ ನಾಲ್ಕು ಖಾತೆ, ನಾಲ್ಕು ಇನ್‌ಬಾಕ್ಸ್ ಸಾಲಾಗಿ ನಿಂತಿರುತ್ತವೆ. ಆ ಪಟ್ಟಿಯ ಮೇಲಿರುವ ಮೂರು ಚುಕ್ಕಿಗಳನ್ನು ಒತ್ತಿ, ‘ಫೋಲ್ಡರ್ ಮೋಡ್ಸ್’ನಲ್ಲಿ ‘ಯೂನಿಫೈಡ್ ಫೋಲ್ಡರ್ಸ್’ಗೆ ಗುರುತು ಹಾಕಿ. ಎಲ್ಲ ಖಾತೆಗಳ ಹೊಸ ಮೇಲ್ ಒಂದೇ ಇನ್‌ಬಾಕ್ಸ್‌ನಲ್ಲಿ ಬಂದು ಕೂರುತ್ತದೆ. ಇದು ನೋಟ ಮಾತ್ರ. ಒಳಗೆ ಪ್ರತಿ ಮೇಲ್ ತನ್ನ ಖಾತೆಯಲ್ಲೇ ಇರುತ್ತದೆ. ಪಟ್ಟಿಯನ್ನು ‘ಟೇಬಲ್ ವ್ಯೂ’ಗೆ ಬದಲಿಸಿಕೊಂಡು ‘ಅಕೌಂಟ್’ ಎಂಬ ಕಾಲಂ ಸೇರಿಸಿಕೊಂಡರೆ ಯಾವುದು ಎಲ್ಲಿಗೆ ಬಂದಿದ್ದು ಎಂದು ತಕ್ಷಣ ಗೊತ್ತಾಗುತ್ತದೆ.

ಕಳಿಸುವ ಮುನ್ನ ‘ಫ್ರಂ’ ನೋಡಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಜಾಸ್ತಿ ಗಮನ ಬೇಕಾದದ್ದು ಇಲ್ಲಿ. ನಾನು ಸಂಘದ ಕಾರ್ಯದರ್ಶಿಯಾಗಿದ್ದಾಗ ನೀರಿನ ಟ್ಯಾಂಕರ್‌ನವರಿಗೆ ಬರೆದ ಒಂದು ಹೊಸ ಮೇಲ್ ಸಂಘದ ವಿಳಾಸದ ಬದಲು ನನ್ನ ಸ್ವಂತ ಜಿಮೇಲ್‌ನಿಂದ ಹೋಯಿತು. ಅವರು ಅದಕ್ಕೇ ಉತ್ತರಿಸಿದರು, ನಾನೂ ಅಲ್ಲಿಂದಲೇ ಮುಂದುವರಿಸಿದೆ. ಎರಡು ಬೇಸಿಗೆಯ ಬಿಲ್ಲು, ದರದ ಮಾತುಕತೆ ಎಲ್ಲ ನನ್ನ ಜಿಮೇಲ್‌ನಲ್ಲೇ ಉಳಿದವು. ಹೊಸ ಕಾರ್ಯದರ್ಶಿ ಲೆಕ್ಕ ಕೇಳಿದಾಗ ಸಂಘದ ಖಾತೆಯಲ್ಲಿ ಒಂದೂ ಇರಲಿಲ್ಲ. ನೋಡುವುದಕ್ಕೆ ಎಲ್ಲ ಒಂದೇ ಕಡೆ ಇರಲಿ, ಆದರೆ ಬರೆಯುವಾಗ ಅವರವರ ಮನೆಯಿಂದಲೇ ಬರೆಯಬೇಕು.

ಬಂದ ಮೇಲ್‌ಗೆ ‘ರಿಪ್ಲೈ’ ಕೊಟ್ಟರೆ ಅದು ಬಂದ ವಿಳಾಸವನ್ನೇ ಥಂಡರ್‌ಬರ್ಡ್ ಆಯ್ದುಕೊಳ್ಳುತ್ತದೆ. ಎಡವುವುದು ಹೊಸ ಮೇಲ್ ಬರೆಯುವಾಗ. ಒಟ್ಟು ಇನ್‌ಬಾಕ್ಸ್‌ನಲ್ಲಿ ಇದ್ದುಕೊಂಡು ಬರೆಯಲು ಶುರು ಮಾಡಿದರೆ ಡೀಫಾಲ್ಟ್ ಖಾತೆಯ ವಿಳಾಸ ಕೂರುತ್ತದೆ. ‘ಫ್ರಂ’ ಸಾಲಿನ ಪಕ್ಕದ ಬಾಣ ಒತ್ತಿ ಬದಲಿಸಬೇಕು. ಡೀಫಾಲ್ಟ್ ಯಾವುದಿರಬೇಕು ಎಂಬುದನ್ನು ‘ಅಕೌಂಟ್ ಸೆಟ್ಟಿಂಗ್ಸ್’ನ ‘ಅಕೌಂಟ್ ಆಕ್ಷನ್ಸ್’ನಲ್ಲಿ ಹೇಳಬಹುದು.

2024ರಲ್ಲಿ ಬಂದ 128ನೇ ಆವೃತ್ತಿಯಿಂದ ಪ್ರತಿ ಖಾತೆಗೂ ಒಂದು ಬಣ್ಣ ಕೊಡಬಹುದು. ‘ಅಕೌಂಟ್ ಸೆಟ್ಟಿಂಗ್ಸ್’ನಲ್ಲಿ ಖಾತೆಯ ಹೆಸರಿನ ಪಕ್ಕದಲ್ಲೇ ಬಣ್ಣದ ಚೌಕ ಇದೆ. ಸಂಘಕ್ಕೆ ಹಸಿರು, ಆಫೀಸಿಗೆ ಕೆಂಪು ಕೊಟ್ಟಿದ್ದೇನೆ. ‘ಫ್ರಂ’ ಸಾಲಿನಲ್ಲೂ ಅದು ಕಾಣುವುದರಿಂದ ವಿಳಾಸ ಓದುವ ಮೊದಲೇ ಕಣ್ಣಿಗೆ ಬೀಳುತ್ತದೆ. ಅದೇ ಪುಟದಲ್ಲಿ ಪ್ರತಿ ಖಾತೆಗೂ ಬೇರೆ ಬೇರೆ ಸಹಿ ಬರೆದಿಡಿ. ಕನ್ನಡದಲ್ಲೂ ಬರೆಯಬಹುದು. ಮೇಲ್‌ನ ಕೊನೆಯಲ್ಲಿ ‘ಕಾರ್ಯದರ್ಶಿ’ ಎಂದು ಕಂಡರೆ ಯಾವ ಖಾತೆಯಲ್ಲಿದ್ದೇವೆ ಎನ್ನುವ ನೆನಪೂ ಆಗುತ್ತದೆ.

ಬ್ಯಾಂಕಿನ ಮೇಲ್‌ಗಳು ತಾವಾಗಿಯೇ ಒಂದು ಫೋಲ್ಡರ್‌ಗೆ ಹೋಗಲಿ ಎಂದರೆ ‘ಟೂಲ್ಸ್’ನಲ್ಲಿ ‘ಮೆಸೇಜ್ ಫಿಲ್ಟರ್ಸ್’ ಇದೆ. ಫಿಲ್ಟರ್‌ಗಳು ಖಾತೆವಾರು, ಯಾಹೂಗೆ ಬರೆದದ್ದು ಜಿಮೇಲ್‌ಗೆ ನಡೆಯುವುದಿಲ್ಲ.

ಬೀಗ ಮತ್ತು ನಕಲು

ನಾಲ್ಕು ಖಾತೆಗಳ ಕಾಗದ ಪತ್ರ ಒಂದೇ ಕಪಾಟಿಗೆ ಬಂದಿವೆ, ಬೀಗ ಬೇಡವೇ? ‘ಸೆಟ್ಟಿಂಗ್ಸ್’ನ ‘ಪ್ರೈವಸಿ ಅಂಡ್ ಸೆಕ್ಯುರಿಟಿ’ಯಲ್ಲಿ ‘ಪ್ರೈಮರಿ ಪಾಸ್‌ವರ್ಡ್’ ಇಡಬಹುದು. ಆದರೆ ಅದು ಕಾಯುವುದು ಒಳಗಿಟ್ಟ ಪಾಸ್‌ವರ್ಡ್‌ಗಳನ್ನು. ಈಗಾಗಲೇ ಇಳಿದಿರುವ ಮೇಲ್‌ಗಳನ್ನು ಅಲ್ಲ. ಮನೆಯಲ್ಲಿ ಎಲ್ಲರೂ ಬಳಸುವ ಕಂಪ್ಯೂಟರ್ ಆದರೆ ವಿಂಡೋಸ್‌ನಲ್ಲೇ ನಿಮಗೊಂದು ಪ್ರತ್ಯೇಕ ಲಾಗಿನ್ ಮಾಡಿಕೊಳ್ಳುವುದು ಒಳ್ಳೆಯದು.

ಕಂಪ್ಯೂಟರ್ ಬದಲಿಸುವಾಗ ಖಾತೆಗಳನ್ನೆಲ್ಲ ಮತ್ತೆ ಸೇರಿಸಬೇಕಿಲ್ಲ. ಖಾತೆ, ಫಿಲ್ಟರ್, ಸಹಿ, ವಿಳಾಸ ಪುಸ್ತಕ ಎಲ್ಲ ‘ಪ್ರೊಫೈಲ್’ ಎಂಬ ಒಂದೇ ಫೋಲ್ಡರ್‌ನಲ್ಲಿವೆ. ‘ಹೆಲ್ಪ್’ನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ ತೆರೆದರೆ ಆ ಫೋಲ್ಡರ್‌ಗೆ ದಾರಿ ಸಿಗುತ್ತದೆ. ‘ಟೂಲ್ಸ್’ನಲ್ಲಿ ‘ಎಕ್ಸ್‌ಪೋರ್ಟ್’ ಕೂಡ ಇದೆ, ಆದರೆ 2 ಜಿಬಿ ದಾಟಿದರೆ ಅದು ಸಾಲುವುದಿಲ್ಲ. ಆಗ ಫೋಲ್ಡರ್ ತೆರೆದಿಟ್ಟುಕೊಂಡು ಥಂಡರ್‌ಬರ್ಡ್ ಪೂರ್ತಿ ಮುಚ್ಚಿ, ಆಮೇಲೆ ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿ. ನಾನು ತಿಂಗಳಿಗೊಮ್ಮೆ, ಸಂಘದ ಲೆಕ್ಕ ಮುಗಿದ ಭಾನುವಾರ, ಈ ಕೆಲಸ ಮಾಡುತ್ತೇನೆ.