ಮೊದಲ ರೈಫಲ್ ತರಗತಿಗೆ ಹೊರಡುವ ಮುನ್ನ

ಕೊಡಗಿನವರಿಗೆ ಕೋವಿ ಹೊಸದೇನಲ್ಲ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುತ್ತೇವೆ, ಆಮೇಲೆ ಮೈದಾನಕ್ಕೆ ಹೋಗಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡುತ್ತೇವೆ. ಹಾಗಾಗಿ ರೈಫಲ್ ತರಗತಿಗೆ ಸೇರುವ ಮಕ್ಕಳು ‘ಇದೆಲ್ಲ ನಂಗೊತ್ತು’ ಅಂದುಕೊಂಡೇ ಹೋಗುತ್ತಾರೆ. ದಯವಿಟ್ಟು ಹಾಗೆ ಹೋಗಬೇಡಿ. ಜೋಡಿ ನಳಿಗೆ ಕೋವಿಯ ಚರೆ, ಅಂದರೆ ತೋಟೆಯೊಳಗಿನ ಸಣ್ಣ ಸಣ್ಣ ಗುಂಡುಗಳು, ಹರಡಿಕೊಂಡು ಹೋಗುತ್ತದೆ, ಗುರಿ ಸ್ವಲ್ಪ ತಪ್ಪಿದರೂ ಒಂದೆರಡು ತಾಗಬಹುದು. ರೈಫಲ್‌ನಿಂದ ಹೊರಡುವುದು ಒಂದೇ ಗುಂಡು. ನಿಮ್ಮ ಮೈ ಅಲುಗಿದರೆ ಅದೂ ಅಷ್ಟೇ ಆಚೆ ಹೋಗುತ್ತದೆ.

ಸೇರುವಾಗಲೇ ಯಾವ ರೈಫಲ್ ಅಂತ ಕೇಳಿಕೊಳ್ಳಿ. ಹೊಸಬರಿಗೆ ಸಾಮಾನ್ಯವಾಗಿ ಏರ್ ರೈಫಲ್: 10 ಮೀಟರ್ ದೂರ, 4.5 ಮಿಲಿಮೀಟರ್ ಪೆಲೆಟ್ (ಗಾಳಿಯ ಒತ್ತಡದಿಂದ ಹಾರುವ ಚಿಕ್ಕ ಸೀಸದ ಗುಂಡು). 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ. ಆ ಸ್ಪರ್ಧೆಯ ಗುರಿ ಹಾಳೆಯಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್ ಅಗಲ! ಕೆಲವು ಕಡೆ, ಎನ್‌ಸಿಸಿಯಲ್ಲಿ ಕೂಡ, .22 ರೈಫಲ್, ಅಂದರೆ ಮದ್ದಿನಿಂದ ಸಿಡಿಯುವ ಸಣ್ಣ ತೋಟೆಯದ್ದು, ಕೊಡುತ್ತಾರೆ. ಮನೆಯ ಕೋವಿ ಮಾತ್ರ ಮನೆಯಲ್ಲೇ ಇರಲಿ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ 2029ರವರೆಗೆ ಇದೆ ನಿಜ, ಆದರೆ ಅದನ್ನು ತರಗತಿಗೆ ಹೊತ್ತು ತರುವ ಅಗತ್ಯವೇ ಇಲ್ಲ.

ಮೊದಲ ದಿನಕ್ಕೆ ಮುಂಚೆ ಬಾಯಿಪಾಠ ಆಗಬೇಕಾದ ನಾಲ್ಕು ಮಾತುಗಳಿವೆ. ಕೈಯಲ್ಲಿರುವ ಯಾವ ಕೋವಿಯೂ ತುಂಬಿದೆ ಅಂತಲೇ ತಿಳಿಯಬೇಕು. ನಳಿಗೆಯನ್ನು ಯಾರ ಕಡೆಗೂ ತಿರುಗಿಸಬಾರದು. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರ್ ಮೇಲೆ ಇರಬಾರದು. ಗುರಿಯ ಹಿಂದೆ ಏನಿದೆ ಅಂತ ಗೊತ್ತಿರಬೇಕು. ಕೊನೆಯದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ .22 ಗುಂಡು ಚಿಕ್ಕದಾಗಿ ಕಂಡರೂ ಒಂದು ಕಿಲೋಮೀಟರಿಗಿಂತ ಜಾಸ್ತಿ ದೂರ ಹೋಗಬಲ್ಲದು, ನಮ್ಮಲ್ಲಿ ಯಾವ ಗಿಡದ ಮರೆಯಲ್ಲಿ ಕಾಫಿ ಕುಯ್ಯುವವರು ಇದ್ದಾರೋ ಹೇಳಲಾಗದು. ರೇಂಜ್‌ನಲ್ಲಿ ‘ಸ್ಟಾಪ್’ ಅಂದರೆ ಅರ್ಧ ಒತ್ತಿದ ಟ್ರಿಗರನ್ನೂ ಬಿಡಬೇಕು. ಅಪಾಯ ಕಂಡರೆ ನೀವೂ ಹಾಗೆ ಕೂಗಬಹುದು. ಹೊಸಬರು ಅಂತ ಸುಮ್ನೆ ಇರಬೇಡಿ.

ಇನ್ನು ಒಂದು ವಾರದ ತಯಾರಿ. ನಿಮ್ಮ ಯಾವ ಕಣ್ಣು ಮುಖ್ಯ ಅಂತ ನೋಡಿಕೊಳ್ಳಿ. ಎರಡೂ ಕೈ ಮುಂದೆ ಚಾಚಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಒಂದು ಕಂಬವನ್ನು ಆ ಕಿಂಡಿಯಲ್ಲಿ ನೋಡಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣಿಗೆ ಕಂಬ ಅಲ್ಲೇ ಕಾಣುತ್ತದೋ ಅದೇ ಮುಖ್ಯ ಕಣ್ಣು. ಬಲಗೈಯವರಿಗೆ ಎಡಗಣ್ಣು ಮುಖ್ಯವಾಗಿದ್ದರೆ ಗಾಬರಿ ಬೇಡ, ತರಬೇತುದಾರರಿಗೆ ಮೊದಲೇ ಹೇಳಿ.

ಟ್ರಿಗರ್ ಅಭ್ಯಾಸಕ್ಕೆ ಒಂದು ಕ್ಲಿಕ್ ಪೆನ್ನು ಸಾಕು. ತೋರುಬೆರಳಿನ ತುದಿಯಿಂದ ನಿಧಾನವಾಗಿ ಒತ್ತಿ, ‘ಟಕ್’ ಅನ್ನುವುದು ಯಾವಾಗ ಅಂತ ನಿಮಗೇ ಗೊತ್ತಾಗಬಾರದು. ಗೊತ್ತಾದರೆ ಮೈ ಬಿಗಿಯುತ್ತದೆ, ನಳಿಗೆ ಅಲುಗುತ್ತದೆ. ಇದಕ್ಕೆ ಉಸಿರನ್ನೂ ಸೇರಿಸಿಕೊಳ್ಳಿ. ಒಳಗೆಳೆದು, ಅರ್ಧ ಬಿಟ್ಟು, ಅಲ್ಲೇ ತಡೆದು ಒತ್ತಿ. ಏಳೆಂಟು ಸೆಕೆಂಡಲ್ಲಿ ಆಗದಿದ್ದರೆ ಬಿಟ್ಟುಬಿಡಿ, ಮತ್ತೆ ಶುರು ಮಾಡಿ. ಹಟ ಹಿಡಿದು ಕೂತರೆ ಕಣ್ಣು ಮಂಜಾಗುತ್ತದೆ, ಕೈ ನಡುಗುತ್ತದೆ. ಖಾಲಿ ಅಂತ ಮನೆಯ .22 ರೈಫಲ್ ಎಳೆದು ಟ್ರಿಗರ್ ಒತ್ತಿ ನೋಡಬೇಡಿ, ತೋಟೆಗೆ ಬಡಿಯುವ ಪಿನ್ ಹಾಳಾಗಬಹುದು.

ಆ ದಿನ ಹಗುರವಾಗಿ ತಿನ್ನಿ. ಒಂದೆರಡು ಅಕ್ಕಿ ರೊಟ್ಟಿ ಸಾಕು, ಕಡಂಬುಟ್ಟು (ಅಕ್ಕಿ ಕಡುಬು) ಪಂದಿ ಕರಿ (ಹಂದಿ ಸಾರು) ಸಂಜೆಗಿರಲಿ. ಕಾಫಿ ಬಿಡಿ ಅಂತ ಕೊಡಗಿನವರಿಗೆ ಹೇಳುವುದು ಕಷ್ಟವೇ, ಆದರೂ ಬೆಳಿಗ್ಗೆ ಜಾಸ್ತಿ ಕುಡಿದರೆ ಎದೆಬಡಿತ ನೇರ ನಳಿಗೆಯ ತುದಿಯಲ್ಲಿ ಕಾಣಿಸುತ್ತದೆ. ತುಂಬು ತೋಳಿನ, ಕುತ್ತಿಗೆ ಮುಚ್ಚುವ ಅಂಗಿ ಹಾಕಿ, ಬಿಸಿ ಖಾಲಿ ತೋಟೆ ಕಾಲರ್ ಒಳಗೆ ಬೀಳುವುದುಂಟು. ಚಪ್ಪಲಿ ಬೇಡ, ತಳ ಚಪ್ಪಟೆ ಇರುವ ಶೂ ಇರಲಿ. ಮಳೆಗಾಲವಾದರೆ ಒಣಗಿದ ಒಂದು ಜೊತೆ ಕಾಲುಚೀಲ, ಟವೆಲ್ ಇಟ್ಟುಕೊಳ್ಳಿ. ಕನ್ನಡಕ ಹಾಕುವವರು ಮರೆಯದೆ ತನ್ನಿ. .22 ಹೊಡೆಯುವುದಾದರೆ ಕಿವಿಗೆ ಇಯರ್ ಮಫ್ ಕೊಡುತ್ತಾರಾ ಅಂತ ಕೇಳಿ, ಕೊಡದಿದ್ದರೆ ಇಯರ್ ಪ್ಲಗ್ಗಾದರೂ ಕೊಂಡುಕೊಳ್ಳಿ. ಕೆಟ್ಟ ಕಿವಿ ಮತ್ತೆ ಸರಿಯಾಗುವುದಿಲ್ಲ.

ಹೊಡೆಯಲು ಮಲಗಿದಾಗಲೋ ನಿಂತಾಗಲೋ ಒಂದು ಕೆಲಸ ಮಾಡಿ. ಗುರಿ ಹಿಡಿದು, ಕಣ್ಣು ಮುಚ್ಚಿ, ಒಂದೆರಡು ಉಸಿರು ತೆಗೆದು, ಕಣ್ಣು ತೆರೆಯಿರಿ. ರೈಫಲ್ ಪಕ್ಕಕ್ಕೆ ಸರಿದಿದ್ದರೆ ತೋಳಿನಿಂದ ಎಳೆದು ತರಬೇಡಿ, ಕಾಲನ್ನೋ ಇಡೀ ಮೈಯನ್ನೋ ಸರಿಸಿ. ಎಳೆದು ತಂದದ್ದು ಟ್ರಿಗರ್ ಒತ್ತುವಾಗ ವಾಪಸ್ ಹೋಗುತ್ತದೆ. ಗುಂಡು ಹೋದ ಮೇಲೂ ಒಂದು ಸೆಕೆಂಡ್ ಹಾಗೇ ಗುರಿ ನೋಡುತ್ತಿರಿ. ಮೊದಲ ದಿನ ನಡುವಿನ ಚುಕ್ಕೆಗೆ ಬೀಳದಿದ್ದರೆ ಚಿಂತೆ ಬೇಡ. ಐದೂ ತೂತುಗಳು ಮೂಲೆಯಲ್ಲಿ ಒಟ್ಟಿಗಿದ್ದರೆ ನೀವು ಚೆನ್ನಾಗಿ ಹೊಡೆದಿದ್ದೀರಿ, ರೈಫಲ್ ಮೇಲೆ ಗುರಿ ಹಿಡಿಯುವ ಸೈಟ್ ತಿರುಗಿಸಿ ಅದನ್ನು ನಡುವಿಗೆ ತರುವುದು ಸುಲಭ.

ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಪೆಲೆಟ್‌ನಲ್ಲೂ ಗುಂಡಿನಲ್ಲೂ ಸೀಸ ಇರುತ್ತದೆ, ಬ್ಯಾಗಿನಲ್ಲಿರುವ ತಿಂಡಿ ಮುಟ್ಟುವುದು ಅದಾದ ಮೇಲೆ.